ಬಿಸಿಯಾದರೆ ಹಿಡಿಯುವ ಬ್ರೇಕು

ಮಗಳು ಸರಸಳ ಮದುವೆ ನಿಶ್ಚಯವಾದ ದಿನವೇ ನಾನು ಮನೆಯವರೆಲ್ಲರ ಮುಂದೆ ಘೋಷಿಸಿಬಿಟ್ಟೆ: "ಮದುವೆಗೆ ಕರೆಯುವ ಹೇಳಿಕೆಗೆ ಬಸ್ಸು ಹತ್ತುವ ಮಾತೇ ಇಲ್ಲ. ಮಟ್ಟುವಿನಿಂದ ಕಾರ್ಕಳದವರೆಗೆ ಒಂದು ಮನೆ ಬಿಡದೆ ನಮ್ಮ ಕಾರಿನಲ್ಲೇ ಹೋಗಿ ಕಾಗದ ಕೊಡುವುದು. ಜನ ಗೇಟಿಗೆ ಬಂದು ನೋಡಬೇಕು!"

ಜನ ಗೇಟಿಗೆ ಬಂದು ನೋಡಿದರು. ಅದರಲ್ಲಿ ಸುಳ್ಳಿಲ್ಲ.

ಕಾಪು ಪೇಟೆಯಲ್ಲಿ ಬಲೆ, ಹಗ್ಗ ಮಾರುವವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ನಳಿನಾಕ್ಷಿಯೂ ಕೇಳಿದ್ದಳು. ಮಣಿಪಾಲದ ಡಾಕ್ಟರೊಬ್ಬರು ಲಂಡನ್ನಿನಿಂದ ಹಡಗಿನಲ್ಲಿ ತರಿಸಿ, ಎಂಬತ್ತೆರಡನೇ ಇಸವಿಯಲ್ಲಿ ಊರು ಬಿಡುವಾಗ ಮಾರಿ ಹೋದ ಕೆಂಪು ಕಾರು ಅದು. ಎರಡೇ ಬಾಗಿಲು. ಮೇಲಿನ ಮಾಡನ್ನು ಮಡಚಿ ಹಿಂದೆ ಹಾಕಿದರೆ ತಲೆಯ ಮೇಲೆ ಆಕಾಶ. ಊರಿನ ಅಂಬಾಸಿಡರುಗಳಿಗೆಲ್ಲ ಡ್ರಮ್ ಬ್ರೇಕ್ ಇದ್ದರೆ ಇದರ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್. ತಿರುಗುವ ಆ ಡಿಸ್ಕನ್ನು ಎರಡು ಕಡೆಯಿಂದ ಅಮುಕಿ ನಿಲ್ಲಿಸುವ ಅಂಗೈಯಗಲದ ತುಂಡುಗಳೇ ಬ್ರೇಕ್ ಪ್ಯಾಡ್. ಹೇಳಿಕೆಗೆ ಹೊರಡುವ ಹೊತ್ತಿಗೆ ಅವು ಸವೆದು ಹಪ್ಪಳದಂತಾಗಿದ್ದವು.

ಪೇಟೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಕಬೀರ್ ನನ್ನ ಹಳೆಯ ಸ್ನೇಹಿತ. ಅವನು ಮೇಜಿನ ಮೇಲೆ ಮೂರು ಬಗೆ ತಂದಿಟ್ಟ. ಒಂದು, ಹಳೆಯದಕ್ಕೇ ಮಂಗಳೂರಿನಲ್ಲಿ ಹೊಸ ಲೈನಿಂಗ್ ಅಂಟಿಸಿದ್ದು. ಇನ್ನೊಂದು ಬೊಂಬಾಯಿಯ ಸಾದಾ ಮಾಲು. ಮತ್ತೊಂದು, ಅವನ ತಮ್ಮ ಬೀರಾನ್ ದುಬಾಯಿಯಿಂದ ತಂದ ಹಳದಿ ಡಬ್ಬಿ. ಅದರ ಮೇಲೆ ಹೊಗೆ ಎಬ್ಬಿಸಿಕೊಂಡು ಓಡುವ ರೇಸ್ ಕಾರಿನ ಚಿತ್ರ. ನನ್ನ ಕಣ್ಣು ಅದರ ಮೇಲೆ ಬಿತ್ತು, ಆಮೇಲೆ ಏಳಲಿಲ್ಲ.

"ಇದು ರೇಸಿನವರು ಹಾಕುವುದು ಮಾರಾಯ್ರೇ," ಎಂದ ಕಬೀರ್. "ಬಿಸಿಯಾದಷ್ಟೂ ಒಳ್ಳೆ ಹಿಡಿಯುತ್ತದೆ ಅಂತ ಬೀರಾನ್ ಹೇಳಿದ್ದಾನೆ."

"ತಣ್ಣಗಿದ್ದಾಗ?" ಎಂದು ಕೇಳಿದಳು ನನ್ನ ಜೊತೆ ಬಂದಿದ್ದ ನಳಿನಾಕ್ಷಿ.

"ಅದು ಹೇಳಲಿಲ್ಲ ಅಕ್ಕ."

ಅವಳು ನನ್ನ ಕಡೆ ತಿರುಗಿದಳು. "ನಮಗೆ ಈಗ ರೇಸಿಗೆ ಹೋಗ್ಲಿಕ್ಕೆ ಉಂಟಾ, ಮದುವೆಯ ಹೇಳಿಕೆಗೆ ಹೋಗ್ಲಿಕ್ಕೆ ಉಂಟಾ? ಆ ಸಾದಾದ್ದು ಸಾಕು."

"ಸಾದಾದ್ದು ಸಾದಾ ಕಾರಿಗೆ," ಎಂದೆ ನಾನು. ಎಂತಹ ಮಾತು! ಆ ಕ್ಷಣಕ್ಕೆ ನನಗೇ ನನ್ನ ಮೇಲೆ ಗೌರವ ಬಂತು. ಹಳದಿ ಡಬ್ಬಿ ಮನೆಗೆ ಬಂತು, ಪ್ಯಾಡ್ ಗಾಲಿಗೆ ಹೋಯಿತು. ಸಂಜೆಯೊಳಗೆ ಕಾಪುವಿನಲ್ಲಿ ನನ್ನ ದುಬಾಯಿ ಬ್ರೇಕಿನ ವರ್ಣನೆ ಕೇಳದೆ ಉಳಿದದ್ದು ದೀಪಸ್ತಂಭ ಒಂದೇ.

ನಮ್ಮಲ್ಲಿ ದೇವರ ಮುಂದೆ ಕಾಗದ ಇಟ್ಟಾದ ಮೇಲೆ ಮನುಷ್ಯರಲ್ಲಿ ಮೊದಲ ವೀಳ್ಯ ಹುಡುಗಿಯ ಸೋದರಮಾವನಿಗೆ. ಅಂದರೆ ನಳಿನಾಕ್ಷಿಯ ಅಣ್ಣ, ಮಟ್ಟುವಿನ ಕೂಸಪ್ಪ ಭಾವನಿಗೆ. ಇದರಲ್ಲಿ ಹೆಚ್ಚುಕಡಿಮೆ ನಡೆಯುವುದಿಲ್ಲ. ಅದರಲ್ಲೂ ಕೂಸಪ್ಪ ಭಾವ ಅವಳಿಗೆ ಬರೀ ಅಣ್ಣನಲ್ಲ. ಅಪ್ಪ ಕಡಲಿಗೆ ಹೋದವರು ಹಿಂದೆ ಬಾರದೆ ಇದ್ದಾಗ, ಮೀಸೆ ಮೂಡುವ ಮೊದಲೇ ದೋಣಿ ಹತ್ತಿ ತಂಗಿಯನ್ನು ಸಾಕಿದವರು. ಅವರು ನಿಂತು ನಡೆಸದ ಮದುವೆ ನಳಿನಾಕ್ಷಿಯ ಪಾಲಿಗೆ ಮದುವೆಯೇ ಅಲ್ಲ.

ಹೊರಟ ದಿನ ಮಾಡು ಮಡಚಿ ಹಾಕಿದ್ದೆ. ಪಕ್ಕದಲ್ಲಿ ನಳಿನಾಕ್ಷಿ, ಅವಳ ಮಡಿಲಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಕುಂಕುಮ ಇಟ್ಟ ಹರಿವಾಣ.

"ನಿಧಾನ ಹೋಗಿ," ಎಂದಳು. ಹೋದೆ. ಅಷ್ಟು ನಿಧಾನ ನಾನು ಯಾವತ್ತೂ ಕಾರು ಬಿಟ್ಟವನಲ್ಲ. ಹಾಗಾಗಿ ಬ್ರೇಕು ಬಿಸಿಯಾಗಲಿಲ್ಲ.

ಕೂಸಪ್ಪ ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿ, ಹೆಗಲಿಗೆ ಶಾಲು ಹೊದ್ದು, ಗೇಟು ತೆರೆದು ನಿಂತಿದ್ದರು. ನಾನು ಠೀವಿಯಿಂದ ಬ್ರೇಕು ಒತ್ತಿದೆ. ಬ್ರೇಕು ಹಿಡಿಯಲಿಲ್ಲ ಎಂದು ಹೇಳಲಾರೆ. ಹಿಡಿಯಬೇಕೋ ಬೇಡವೋ ಎಂದು ಯೋಚಿಸತೊಡಗಿತು. ಭಾವ ನಗುತ್ತಾ ಕೈಯೆತ್ತಿದರು. ನಾನು ಎರಡೂ ಕಾಲುಗಳಿಂದ ತುಳಿಯುತ್ತಾ, ನಗುತ್ತಾ, ಅವರ ಮುಂದಿನಿಂದ ಹಾಗೆಯೇ ಹಾದು ಹೋದೆ. ಆಚೆ ಮನೆಯ ಬೇಲಿ ಮುರಿದು, ಗುಳ್ಳ ಬದನೆಯ ಗಿಡಗಳ ನಡುವೆ ಕಾರು ನಿಂತಿತು. ಬಾನೆಟ್ಟಿನ ಮೇಲೆ ಒಂದು ಗುಳ್ಳ ಬಂದು ಕೂತಿತು.

ಆಚೆ ಮನೆ ದೂಮಪ್ಪನದು. ದೂಮಪ್ಪ ದೂರದ ನೆಂಟನೇ. ಆದರೆ ಇದೇ ಬೇಲಿಯ ತಕರಾರಿನಲ್ಲಿ ಅವನಿಗೂ ಕೂಸಪ್ಪ ಭಾವನಿಗೂ ಮಾತು ಬಿಟ್ಟು ಕಾಲವಾಗಿತ್ತು. ಅವನು ಓಡಿ ಬಂದ. ಮುರಿದ ಬೇಲಿ ಅವನ ಕಣ್ಣಿಗೆ ಬೀಳಲಿಲ್ಲ, ಹರಿವಾಣ ಬಿತ್ತು.

"ಎಂತ ಭಾವ, ಅಲ್ಲಿ ನಿಲ್ಲಿಸದೆ ಮೊದಲು ನಮ್ಮಲ್ಲಿಗೇ ಬಂದಿರಾ?" ಎಂದ. ಕೂಸಪ್ಪ ಭಾವ ಬೇಲಿಯಾಚೆ ಕೇಳಿಸಿಕೊಳ್ಳುತ್ತಾ ನಿಂತಿದ್ದಾರೆ. ನಳಿನಾಕ್ಷಿ ನನ್ನ ಮುಖ ನೋಡಿದಳು. ಬ್ರೇಕು ಹಿಡಿಯಲಿಲ್ಲ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಊರಿಡೀ ದುಬಾಯಿ ಬ್ರೇಕಿನ ಡಂಗುರ ಸಾರಿದ ಬಾಯಿ ಇದು.

"ಹೌದು, ನಿಮ್ಮಲ್ಲಿಗೇ ಬಂದದ್ದು," ಎಂದೆ.

ದೂಮಪ್ಪ ಚಾಪೆ ಹಾಸಿದ, ಬೆಲ್ಲ ನೀರು ತಂದ. ಅಂಗಳಕ್ಕೆ ಕಾಲಿಟ್ಟ ಮೇಲೆ ಹೇಳದೆ ಏಳುವಂತಿಲ್ಲ. ಮೊದಲ ವೀಳ್ಯ ಅವನ ಕೈಸೇರಿತು.

ಅಲ್ಲಿಂದ ನಡೆದುಕೊಂಡು ಕೂಸಪ್ಪ ಭಾವನ ಮನೆಗೆ ಹೋದರೆ ಬಾಗಿಲು ಹಾಕಿತ್ತು. ಅವರ ಹೆಂಡತಿ ಕಮಲ ಇಷ್ಟೇ ಬಾಗಿಲು ತೆರೆದು, "ಅವರು ಮಲಗಿದ್ದಾರೆ," ಎಂದಳು. ಬೆಳಿಗ್ಗೆ ಹತ್ತು ಗಂಟೆ.

"ಒಳ್ಳೆ ನಿದ್ರೆ ಬಂದಿದೆ ಅಂತ ಹೇಳು," ಎಂದು ಒಳಗಿನಿಂದ ಭಾವನ ಸ್ವರ ಕೇಳಿಸಿತು.

ಹಿಂದೆ ಬರುವಾಗ ನಳಿನಾಕ್ಷಿ ಹೇಳಿದಳು: "ನಿಜ ಹೇಳಿದ್ದರೆ ಅಣ್ಣ ಒಮ್ಮೆ ನಗುತ್ತಿದ್ದ. ಮುಗಿಯುತ್ತಿತ್ತು."

"ನಾನು ಮುಖ ಎಲ್ಲಿಡುವುದು?"

"ಅವನ ಮುಖ ನೋಡಿದಿರಾ ನೀವು?"

"ನೀನೇ ಹೇಳಬಹುದಿತ್ತಲ್ಲ."

"ನಿಮ್ಮ ಮರ್ಯಾದೆ ನಾನು ತೆಗೆಯುವುದಿಲ್ಲ. ಹೇಳುವುದಾದರೆ ನೀವೇ ಹೇಳಬೇಕು."

ನಾನು ಹೇಳಲಿಲ್ಲ. ಇತ್ತ ಕೂಸಪ್ಪ ಭಾವ ಹೇಳಿ ಕಳಿಸಿದರು: ಮೊದಲ ವೀಳ್ಯ ತೆಗೆದುಕೊಂಡವನೇ ಸೋದರಮಾವ, ಧಾರೆಗೆ ಅವನನ್ನೇ ನಿಲ್ಲಿಸಿಕೊಳ್ಳಿ. ಅತ್ತ ದೂಮಪ್ಪ ಸೋದರಮಾವನ ಕೆಲಸಕ್ಕೆಂದು ಹೊಸ ಜುಬ್ಬ ಹೊಲಿಯಲಿಕ್ಕೆ ಕೊಟ್ಟು, ಅಳತೆ ಸರಿಯುಂಟಾ ಎಂದು ನನ್ನ ಅಂಗಡಿಗೆ ಬಂದು ತೋರಿಸಿ ಹೋದ. ನಳಿನಾಕ್ಷಿ ಊಟಕ್ಕೆ ಕೂತು ಹಾಗೆಯೇ ಎದ್ದು ಹೋಗುತ್ತಿದ್ದಳು. ಮದುಮಗಳು ಸರಸಳ ಮುಖದಲ್ಲಿ ನಗು ಇರಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಸಂಕಟವಾದರೂ ಬುದ್ಧಿ ಬರಲಿಲ್ಲ. ಭಾವನ ಗೇಟಿನ ಎದುರು ಸರಿಯಾಗಿ, ಗೆರೆ ಹೊಡೆದ ಹಾಗೆ, ಒಮ್ಮೆ ಕಾರು ನಿಲ್ಲಿಸಿಬಿಟ್ಟರೆ ಸಿಟ್ಟೂ ಇಳಿಯುತ್ತದೆ, ಬ್ರೇಕಿನ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಬಿಸಿಯಾದರೆ ಹಿಡಿಯುತ್ತದೆ ತಾನೇ? ಬಿಸಿ ಮಾಡಿದರಾಯಿತು!

ಮೂರನೆಯ ದಿನ ಹೊಸ ಹರಿವಾಣ ಹಿಡಿಸಿ ನಳಿನಾಕ್ಷಿಯನ್ನು ಹತ್ತಿಸಿಕೊಂಡೆ. ಹೈವೇಯಲ್ಲಿ ಕಟಪಾಡಿಯವರೆಗೆ ಜೋರು ಓಡಿಸುವುದು, ಬ್ರೇಕು ಒತ್ತುವುದು. ಪುನಃ ಓಡಿಸುವುದು, ಪುನಃ ಒತ್ತುವುದು. ಹಿಂದಿನ ಲಾರಿಯವನು ನನ್ನ ವಂಶವನ್ನೆಲ್ಲ ನೆನೆದ. ಗಾಲಿಯಿಂದ ಸುಟ್ಟ ವಾಸನೆ ಬರತೊಡಗಿತು.

"ಎಂತ ಮಾಡ್ತಾ ಇದ್ದೀರಿ ನೀವು?"

"ಕಾಯಿಸ್ತಾ ಇದ್ದೇನೆ."

"ದೋಸೆ ಕಲ್ಲಾ ಇದು?"

ಮಟ್ಟು ಬಂತು. ಗೇಟು ಬಂತು. ಕೂಸಪ್ಪ ಭಾವ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ನಾನು ಬ್ರೇಕು ಒತ್ತಿದೆ. ಈ ಸಲ ಅದು ಯೋಚಿಸಲಿಲ್ಲ. ಕಾರು ನಿಂತಿತು, ಕಾರಿನಲ್ಲಿದ್ದದ್ದು ಯಾವುದೂ ನಿಲ್ಲಲಿಲ್ಲ. ತೆಂಗಿನಕಾಯಿ ಗಾಜು ದಾಟಿ, ಗೇಟು ದಾಟಿ, ಅಂಗಳದಲ್ಲಿ ಉರುಳಿಕೊಂಡು ಜಗಲಿಯ ಬುಡಕ್ಕೆ ಹೋಯಿತು. ವೀಳ್ಯದೆಲೆ ಆಕಾಶದಿಂದ ಇಳಿಯಿತು. ಕುಂಕುಮವೆಲ್ಲ ನನ್ನ ಮುಖಕ್ಕೆ. ನಳಿನಾಕ್ಷಿಯ ಹಣೆ ಮುಂದಿನ ಗಾಜಿನ ಪಟ್ಟಿಗೆ ಬಡಿಯಿತು.

ಭಾವ ಓಡಿ ಬಂದರು. ಸಿಟ್ಟು, ಹಠ ಎಲ್ಲ ಜಗಲಿಯಲ್ಲೇ ಬಿಟ್ಟು ಬಂದಿದ್ದರು. "ಎಂತಾಯಿತು ತಂಗಿ?"

"ಎಂತ ಇಲ್ಲ ಭಾವ," ಎಂದೆ ನಾನು. "ಬ್ರೇಕು ಒಳ್ಳೆದುಂಟು."

ನಳಿನಾಕ್ಷಿ ಹಣೆಯಿಂದ ಕೈ ತೆಗೆದಳು. ಅಲ್ಲಿ ಬುಗುಟೆ ಎದ್ದಿತ್ತು. ಅವಳು ಆಗಲೂ ಏನೂ ಹೇಳಲಿಲ್ಲ. ಅದನ್ನು ನೋಡಿ ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಮೊನ್ನೆ ಬ್ರೇಕು ಹಿಡಿಯಲಿಲ್ಲ ಭಾವ. ನಿಮ್ಮಲ್ಲಿಗೇ ಬಂದದ್ದು ನಾವು. ನಿಲ್ಲಲಿಲ್ಲ. ನಾಚಿಕೆಯಾಗಿ ದೂಮಪ್ಪನಲ್ಲಿ ಸುಳ್ಳು ಹೇಳಿದೆ."

ಭಾವನ ಮುಖ ಸಡಿಲವಾಯಿತು. "ಅಷ್ಟೆಯಾ? ನಾನು ಎಂತೆಂತದೋ ಎಣಿಸಿ ಅನ್ನ ಬಿಟ್ಟು ಕೂತಿದ್ದೆ ಮಾರಾಯ್ರೇ."

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು.

"ಮೊನ್ನೆಯೇ ಗೊತ್ತಿತ್ತು ಅಲ್ವಾ, ಇದು ಸರಿ ಇಲ್ಲ ಅಂತ? ಗೊತ್ತಿದ್ದೂ ಇವತ್ತು ಇವಳನ್ನು ಇದರಲ್ಲಿ ಕೂರಿಸಿಕೊಂಡು ಬಂದಿರಾ?"

ಬ್ರೇಕಿನ ಮಾನ ನೆನಪಿತ್ತು, ನನ್ನ ಮಾನ ನೆನಪಿತ್ತು. ಪಕ್ಕದ ಸೀಟಿನಲ್ಲಿ ಒಬ್ಬಳು ಹರಿವಾಣ ಹಿಡಿದು ಜೀವ ಬಿಗಿಹಿಡಿದು ಕೂತಿದ್ದಾಳೆ ಎಂಬುದು ಇಷ್ಟು ದಿನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಅವಳಿಗೆ ಕ್ಷಮಿಸು ಎಂದು ಹೇಳಬೇಕೆನಿಸಿತು. ಕುಂಕುಮ ಮೆತ್ತಿದ ಮುಖದಲ್ಲಿ ಅದೂ ಹೊರಡಲಿಲ್ಲ.

ನಳಿನಾಕ್ಷಿ ಚೆಲ್ಲಿದ ಎಲೆ, ಅಡಿಕೆ ಹೆಕ್ಕಿದಳು. ಭಾವ ವೀಳ್ಯವನ್ನು ತಂಗಿಯ ಕೈಯಿಂದಲೇ ತೆಗೆದುಕೊಂಡರು. "ಧಾರೆಗೆ ನಾನು ನಿಲ್ಲುತ್ತೇನೆ. ದೂಮಪ್ಪನಿಗೂ ಹೇಳಿ ಆಗಿದೆಯಲ್ಲ, ಬರಲಿ. ಸ್ವಲ್ಪ ದೂರ ಕೂರಲಿ," ಎಂದರು. "ಬೆಳ್ಮಣ್, ಕಾರ್ಕಳದ ಹೇಳಿಕೆಗೆ ನಾವು ಅಣ್ಣ ತಂಗಿ ಬಸ್ಸಿನಲ್ಲಿ ಹೋಗಿ ಬರುತ್ತೇವೆ."

ಬಸ್ಸು ಬಂತು. ಭಾವ ಕೈ ತೋರಿಸಿದರು, ಅದು ನಿಂತಿತು. ಇಬ್ಬರೂ ಹತ್ತಿದರು. ಭಾವ ಕಿಟಕಿಯಿಂದ ತಲೆ ಹೊರಹಾಕಿ, "ಕಬೀರನಲ್ಲಿ ಆ ಸಾದಾದ್ದು ಹಾಕಿಸಿಕೊಳ್ಳಿ ಭಾವ. ದಾರಿಯಲ್ಲಿ ನಿಧಾನ ಹೋಗಿ," ಎಂದರು.

ಹಿಂದಿನ ಕಿಟಕಿಯಲ್ಲಿ ನಳಿನಾಕ್ಷಿ ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡಿದ್ದಳು.

"ನಿಧಾನ ಹೋದರೆ ಅದು ಹಿಡಿಯುವುದಿಲ್ಲ ಅಣ್ಣ, ಜೋರು ಹೋದರೆ ಬಿಡುವುದಿಲ್ಲ," ಎಂದಳು. "ಅವರು ತಳ್ಳಿಕೊಂಡು ಹೋಗಲಿ."

ಕಂಡಕ್ಟರ್ ರೈಟ್ ಎಂದ. ಬಸ್ಸು ತಿರುವು ದಾಟಿದ ಮೇಲೆ ನಾನು ಹ್ಯಾಂಡ್ ಬ್ರೇಕು ಇಳಿಸಿ ತಳ್ಳತೊಡಗಿದೆ.