ಬೆಲ್ಲಕ್ಕೊಂದು ವನ್ಸ್ ಮೋರ್

ಯಡೂರಿನ ಗಾಣದಲ್ಲಿ ಬೆಲ್ಲ ಕಾಯಿಸುವ ಹೆಣ್ಣುಮಕ್ಕಳು ಹಾಡುತ್ತಿದ್ದಾಗ ಶುಭಾಂಗಿ ಸುಮ್ಮನೆ ಕೇಳಿಕೊಂಡು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು ಕೊಪ್ಪರಿಗೆಗೆ ಥರ್ಮಾಮೀಟರನ್ನೂ ಇಳಿಬಿಟ್ಟಳು. ಹಾಡು ಮುಗಿಯುವುದಕ್ಕೂ ಪಾಕ ಹದಕ್ಕೆ ಬರುವುದಕ್ಕೂ ಸರಿಹೋಯಿತು. ಅದನ್ನೇ ಪಿಎಚ್.ಡಿ. ವಿಷಯ ಮಾಡಿಕೊಂಡು ಚಿಕ್ಕೋಡಿಯ ಕಾಲೇಜಿಗೆ ಬಂದಳು.

ಕನ್ನಡ ವಿಭಾಗದ ವಿರುಪಾಕ್ಷಪ್ಪ ಸರ್ ಥರ್ಮಾಮೀಟರ್ ಕಂಡದ್ದೇ ಜ್ವರ ಬಂದವರಂತೆ ಹಿಂದೆ ಸರಿದು, ಇದು ಕೆಮಿಸ್ಟ್ರಿ, ಆ ಕಡೆ ಹೋಗವಾ ಅಂದರು. ಆ ಕಡೆ ಕೆಮಿಸ್ಟ್ರಿಯ ಚಂದ್ರಮತಿ ಮೇಡಂ, ಇಲ್ಲಿ ಭಜನಾ ಮಂಡಳಿ ನಡೆಸುವುದಿಲ್ಲ ಅಂತ ಬಾಗಿಲು ತೋರಿಸಿದರು. ವಿಷಯ ಎರಡೂ ವಿಭಾಗಕ್ಕೆ ಸೇರಿದ್ದರಿಂದ ಅರ್ಜಿಗೆ ಇಬ್ಬರ ಸಹಿಯೂ ಇವತ್ತೇ ಆಗಬೇಕು, ಇಲ್ಲದಿದ್ದರೆ ಈ ವರ್ಷದ ನೋಂದಣಿ ತಪ್ಪಿತು. ನಿಪ್ಪಾಣಿ ಬಸ್ಸಿನಂತೆ ಅತ್ತ ಇತ್ತ ಓಡಾಡಿ ಮಧ್ಯಾಹ್ನಕ್ಕೆ ಶುಭಾಂಗಿಯ ತಾಳ್ಮೆ ತೀರಿತು.

"ಇಬ್ಬರೂ ಲ್ಯಾಬಿಗೆ ಬರ್ರಿ. ಹಾಡು ಮುಗದಾಗ ಬೆಲ್ಲ ಹದಕ್ಕ ಬರಲಿಲ್ಲಂದ್ರ ನಾನಽ ಮನಿಗಿ ಹೋಗ್ತೀನಿ."

ಕರೋಶಿಯ ಗಾಣದಿಂದ ಅರ್ಧ ಕಾಯಿಸಿದ ಕಬ್ಬಿನ ಹಾಲು ತರಿಸಿ, ಒಲೆ ಹಚ್ಚಿ, ಸೌಟು ಆಡಿಸುತ್ತ ದನಿ ಎತ್ತಿದಳು. ಗುಮಾಸ್ತರು, ಹುಡುಗರು ಕಿಟಕಿಗೆ ಮುತ್ತಿದರು. ಹಾಡು ಮುಗಿಯಿತು, ಪಾಕ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಕಂಪನಿ ನಾಟಕದ ಹುಚ್ಚಿನ ಜವಾನ ಭರಮು "ವನ್ಸ್ ಮೋರ್" ಅಂದುಬಿಟ್ಟ. ಕಣ್ಣು ಮುಚ್ಚಿ ತಲೆದೂಗುತ್ತಿದ್ದ ವಿರುಪಾಕ್ಷಪ್ಪ ಸರ್ ಕೂಡ, ಹೌದವಾ, ಇನ್ನೊಮ್ಮೆ ಆಗಲಿ ಅಂದರು. ಸಹಿ ಹಾಕುವವರು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಹಾಡಿದಳು. ಎರಡನೇ ನುಡಿಗೆ ಹೊಗೆ ಎದ್ದಿತು. ಮುಗಿಯುವಷ್ಟರಲ್ಲಿ ಪಾತ್ರೆಯಲ್ಲಿದ್ದದ್ದು ರಸ್ತೆಗೆ ಹಾಕುವ ಡಾಂಬರು.

ಚಂದ್ರಮತಿ ಮೇಡಂ ಸೆರಗು ಮೂಗಿಗೆ ಹಿಡಿದರು. "ಆತಲ್ಲ ನಿನ್ನ ಸಂಶೋಧನಾ?"

ಶುಭಾಂಗಿ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು. "ಆತ್ರಿ. ಒಂದ್ ಸಲ ಹಾಡಿದ್ರ ಹದ, ಎರಡ್ ಸಲ ಹಾಡಿದ್ರ ಸೀದು ಹೋಗತೈತಿ. ನಿಮ್ಮ ಕಣ್ಣ ಮುಂದಽ ಆಗೈತಿ. ಇನ್ನೇನ್ ಬೇಕ್ರಿ?"

ಮೇಡಂ ಕರಕನ್ನು ಕೆರೆದು ನೋಡಿ, ಇದು ಅಪ್ಪಟ ಕೆಮಿಸ್ಟ್ರಿ, ಈಕಿ ನಮ್ಮಾಕಿ ಅಂದರು. ಹಾಡಿಲ್ಲದೆ ನಿಮ್ಮ ಕೆಮಿಸ್ಟ್ರಿ ಎಲ್ಲಿತ್ತು, ಈಕಿ ನಮ್ಮಾಕಿ ಅಂತ ಸರ್ ಪೆನ್ನು ತೆಗೆದರು. ಮೇಡಂ ಕೂಡ ತೆಗೆದರು. ಆದರೆ ಅರ್ಜಿಯಿಂದ ಇನ್ನೊಬ್ಬರ ಹೆಸರು ಹೊಡೆದು ಹಾಕದ ಹೊರತು ಸಹಿ ಇಲ್ಲ ಅಂತ ಇಬ್ಬರದೂ ಹಟ. ಆಫೀಸಿನವರು ಕೀಲಿ ಹಾಕಿಕೊಂಡು ಹೋದಾಗಲೂ ಪೆನ್ನು ಹಿಡಿದೇ ನಿಂತಿದ್ದರು.

ಶುಭಾಂಗಿ ಸುಟ್ಟ ಪಾತ್ರೆ ಬಗಲಿಗೆ ಏರಿಸಿದಳು. "ಬರೋ ವರ್ಷ ಮತ್ತ ಬರ್ತೀನ್ರಿ. ಆವತ್ತ ಮೇಡಂ ಹಾಡ್ಬೇಕು, ಸರ್ ಸೌಟು ಹಿಡೀಬೇಕು. ನಾ ಕುಂತು ಮಾರ್ಕ್ಸ್ ಹಾಕ್ತೀನಿ."