ಅಡತಿ ಅಂಗಡಿಯಿಂದ ಸಾಲಿಗೆ ಹೋದ ಮಾಲು

ಹುಮನಾಬಾದಿನ ನನ್ನ ಅಡತಿ ಅಂಗಡಿಗೆ ತೊಗರಿ ಮಾರಲು ತರುವವರು ಬರುತ್ತಾರೆ, ಕೊಂಡು ಒಯ್ಯುವವರು ಬರುತ್ತಾರೆ. ನಮಗೆ ಬೇಡವಾದ ಸಾಮಾನು ಕೇಳಿಕೊಂಡು ಬರುವವರು ಒಬ್ಬರೇ. ಅವರು ಬಂದು ಹೋದ ಮೇಲೆ ಏನಾದರೊಂದು ಆಗದೆ ಇದ್ದದ್ದೇ ಇಲ್ಲ.

ಆಕೆ ದುಬಲಗುಂಡಿ ರಸ್ತೆಯ ಒಂದು ಸಣ್ಣ ಊರಿನ ಶಾಲೆಯ ಟೀಚರು. ನಾವೆಲ್ಲ ಅಕ್ಕೋರು ಅನ್ನುತ್ತೇವೆ. ದಿನಾ ಬಸವಕಲ್ಯಾಣದಿಂದ ಬಂದು ಇಲ್ಲಿ ಬಸ್ಸು ಬದಲಿಸಬೇಕು. ಬಸ್ಸು ಬರುವ ತನಕ ನನ್ನ ಅಂಗಡಿ ಕಟ್ಟೆಯೇ ಅವರಿಗೆ ನೆರಳು.

ಅದೇ ಊರಿನ ನನ್ನ ಹಮಾಲನ ಮಗಳು ಅವರ ಹತ್ತಿರ ಎರಡನೇ ತರಗತಿ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಹಮಾಲ ಅಕ್ಕೋರ ಎದುರಿಗೇ ಹೇಳಿಬಿಟ್ಟಿದ್ದ: "ತಪಾಸಣಿ ಸಾಹೇಬ್ರು ಬಂದಾಗ ಒಂದ್ ಮಾತ್ ಆಡಿದ್ಲಂದ್ರ ಸಾಲಿ. ಇಲ್ಲಂದ್ರ ಮನ್ಯಾಗ ತಮ್ಮನ್ನ ನೋಡ್ಕೋತ ಕೂಡ್ಲಿ. ಖಾಲಿ ಚೀಲ ಹೊತ್ತು ಏನ್ ಫಾಯ್ದಾ ರಿ?"

ಅಂದಿನಿಂದ ಅಕ್ಕೋರಿಗೆ ಅದೇ ಫಿಕರ್. ನನಗೇನೂ ಇರಲಿಲ್ಲ. ಹಮಾಲನ ಮನಸ್ಸು ಕೆಟ್ಟರೆ ಚೀಲ ಎತ್ತಿ ಒಗೆಯುತ್ತಾನೆ, ಚೀಲ ಹರಿಯುತ್ತದೆ. ನನ್ನ ಸಂಕಟ ಅಷ್ಟೇ.

ಓಡದ ಗಡಿಯಾರ

"ಸಾವಕಾರ್ರ, ಕೆಟ್ಟ ಗಡಿಯಾರ ಐತೇನ್ರಿ?"

"ಐತಿ. ತಡೀರಿ, ರಿಪೇರಿ ಮಾಡ್ಸಿ ಕೊಡ್ತೀನಿ."

"ಬ್ಯಾಡ್ರಿ! ಅದು ಓಡಬಾರ್ದು. ಮುಳ್ಳು ಮಕ್ಕಳ ಕೈಲೆ ತಿರಗಬೇಕು."

ಗ್ಯಾರಂಟಿ ಕೇಳುವ ಗಿರಾಕಿಗಳನ್ನು ಕಂಡಿದ್ದೇನೆ. ಓಡುವುದಿಲ್ಲ ಎಂಬ ಗ್ಯಾರಂಟಿ ಕೇಳಿದ್ದು ಇವರೊಬ್ಬರೇ. ಗಾಜು ಬಿಚ್ಚಿ ಕೊಟ್ಟೆ. ಅಕ್ಕೋರು ಹೇಳಿದ ವೇಳೆಗೆಲ್ಲ ಹಮಾಲನ ಮಗಳು ಮುಳ್ಳು ಸರಿಯಾಗಿ ಇಟ್ಟಳಂತೆ, ಮಾತಿಲ್ಲದೆ. ಉಳಿದವರೂ ಚೆನ್ನಾಗಿಯೇ ಕಲಿತರು. ಎಷ್ಟು ಚೆನ್ನಾಗಿ ಎಂದರೆ, ಮಧ್ಯಾಹ್ನದ ಊಟ ಆದ ಕೂಡಲೇ ಒಬ್ಬ ಎದ್ದು ಮುಳ್ಳನ್ನು ನಾಲ್ಕೂವರೆಗೆ ತಂದ. ಇಡೀ ತರಗತಿ ಪಾಟಿಚೀಲ ಹೆಗಲಿಗೇರಿಸಿ ಮನೆಗೆ ಹೊರಟಿತು.

ಪುಟಾಣಿ

ಎಣಿಸಲು ಕಾಳು ಬೇಕು ಎಂದರು. ಒಂದು ಡಬ್ಬಿ ಪುಟಾಣಿ, ಅದೇ ಹುರಿಗಡಲೆ, ಕೊಟ್ಟೆ. ಮರುದಿನವೇ ಖಾಲಿ ಡಬ್ಬಿ ಹಿಡಿದುಕೊಂಡು ಬಂದರು.

"ಲೆಕ್ಕ ಬಂತೇನ್ರಿ ಮಕ್ಕಳಿಗೆ?"

"ಕಳಿಯೂದು ಪಕ್ಕಾ ಬಂತ್ರಿ. ಕೂಡ್ಸೂದಕ್ಕ ಕಾಳ ಉಳೀಲಿಲ್ಲ."

ಚೀಲ ಇಳಿಸುತ್ತಿದ್ದ ಹಮಾಲ ಅಲ್ಲಿಂದಲೇ ಕೇಳಿದ: "ನನ್ನ ಮಗಳು ಏನಾರ ಅಂದ್ಲೇನ್ರಿ, ಅಕ್ಕೋರ?"

"ಬಾಯಿ ತುಂಬ ಪುಟಾಣಿ ಇತ್ತಪ್ಪ. ನಿನ್ನಿ ಯಾರೂ ಏನೂ ಅನ್ಲಿಲ್ಲ."

ಆಮೇಲೆ ಹುಣಸೆ ಬೀಜ ಕೊಟ್ಟೆ. ಹುರಿಯದೆ ತಿನ್ನಲಾಗದ ಮಾಲು ನೋಡಿ, ಇನ್ನೂ ಬಾಳಿಕೆ ಬರುತ್ತಿದೆ.

ಟವೆಲ್

ಒಂದು ದಿನ ಅಕ್ಕೋರು ಬಸ್ಸು ಬಂದರೂ ಏಳಲಿಲ್ಲ. "ಆಕಿಗೆ ಲೆಕ್ಕ ಎಲ್ಲಾ ಬರ್ತೈತ್ರಿ. ಹೇಳಾಕ ಅಂಜತಾಳ. ಎಲ್ಲಾರೂ ಮಕಾ ನೋಡ್ತಾರಲ್ಲ, ಅದಕ್ಕ" ಎಂದರು. "ಮುಂದಿನ ವಾರ ತಪಾಸಣಿ. ಹ್ಯಾಂಗ ಮಾಡ್ಲಿ?"

ನಾನು ಹೆಗಲ ಮೇಲಿನ ಟವೆಲ್ ತೆಗೆದೆ. ಈಗ ಎಲ್ಲ ಮೊಬೈಲಿನಲ್ಲಿ ಟೆಂಡರ್. ನಮ್ಮ ತಂದೆಯ ಕಾಲಕ್ಕೆ ದರ ಬಾಯಲ್ಲಿ ಹೇಳುತ್ತಿರಲಿಲ್ಲ; ದನದ ಸಂತೆಯಲ್ಲಿ ಇಂದಿಗೂ ಹೇಳದವರಿದ್ದಾರೆ. ಟವೆಲ್ಲಿನ ಕೆಳಗೆ ಇಬ್ಬರ ಕೈ ಸೇರಿಸಿ ಬೆರಳು ಒತ್ತುವುದು. ಒಂದು ಬೆರಳಿಗೆ ಒಂದು, ಇಡೀ ಕೈ ಹಿಡಿದು ಒತ್ತಿದರೆ ಐದು. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಕೈ ಹೊರಗೆ ಬಂತೋ, ಅಲ್ಲಿಯ ತನಕ ಒತ್ತಿದ್ದಕ್ಕೇ ಸೌದಾ ಖತಂ. ಒಪ್ಪಿಗೆ ಇಲ್ಲದವನು ಆಗಲೇ ಬಾಯಿಬಿಟ್ಟು ತಕರಾರು ಎತ್ತಬೇಕು.

ಇದನ್ನೆಲ್ಲ ಹೇಳಿಕೊಟ್ಟು ಟವೆಲ್ ಅಕ್ಕೋರಿಗೇ ಕೊಟ್ಟೆ. ಮರುದಿನದಿಂದ ಅವರ ತರಗತಿಯೇ ಸಂತೆಯಾಯಿತು. ಹುಡುಗಿ ಟವೆಲ್ಲಿನ ಕೆಳಗೆ ಯಾವ ಲೆಕ್ಕಕ್ಕೂ ತಡವರಿಸಲಿಲ್ಲ. ಬಾಯಿ ಮಾತ್ರ ಮುಚ್ಚಿದ್ದು ಮುಚ್ಚಿದಂತೇ.

ತಪಾಸಣೆಯ ದಿನ ಹಮಾಲ ರಜೆ ಕೇಳಿದ. ಆ ಬಾಡಿದ ಮುಖ ಹೊತ್ತುಕೊಂಡು ಅವನು ಚೀಲ ಹೊರುವುದು ಬೇಡವೆಂದು ನಾನೇ ಗಾಡಿಯ ಮೇಲೆ ಕೂರಿಸಿಕೊಂಡು ಹೋದೆ. ಇಬ್ಬರೂ ಕಿಟಕಿಯ ಹೊರಗೆ ನಿಂತೆವು. ಸಾಹೇಬರು ಕುರ್ಚಿಯಲ್ಲಿ ಕೂತವರೇ, ಯಾರನ್ನು ಎಬ್ಬಿಸಬಾರದೋ ಅವಳನ್ನೇ ಎಬ್ಬಿಸಿದರು.

"ಎಂಟಕ್ಕ ಏಳು ಕೂಡ್ಸಿದ್ರ ಎಷ್ಟವಾ?"

ಅಕ್ಕೋರು ಗೋಡೆಗೆ ಒರಗಿದರು. ಹಮಾಲ ಕಿಟಕಿಯ ಸರಳು ಬಿಗಿಯಾಗಿ ಹಿಡಿದ.

ಹುಡುಗಿ ಮೂಲೆಗೆ ಹೋಗಿ ಟವೆಲ್ ತಂದಳು. ಸಾಹೇಬರ ಕೈ ಮೇಲೆ ಹಾಸಿದಳು. ಕೆಳಗೆ ತನ್ನ ಕೈ ತೂರಿಸಿ ಅವರ ಇಡೀ ಕೈಯನ್ನು ಒಮ್ಮೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

ಸಾಹೇಬರು ಬೆವೆತರು. ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು, ಅಲ್ಲಿ ಸಾವಕಾರನಂತೆ ನಿಂತ ನನ್ನನ್ನು ನೋಡಿದರು. ತಟ್ಟನೆ ಕೈ ಕಿತ್ತುಕೊಂಡು ಸಣ್ಣ ದನಿಯಲ್ಲಿ ಹೇಳಿದರು: "ಟೀಚರ್, ಈ ಕೊಡೂದು ತೊಗೊಳ್ಳೂದು ಎಲ್ಲ ಇಲ್ಲಿ ಬ್ಯಾಡ್ರಿ! ಮಂದಿ ನೋಡಾಕತ್ತಾರ!"

ಹುಡುಗಿ ಅವರ ಕೈಯನ್ನೇ ನೋಡಿದಳು. ತಾನು ಒತ್ತಿದ್ದು ಎರಡೇ ಸಲ. ಕೈ ಹೊರಗೆ ಹೋಗಿದೆ. ಸೌದಾ ಹತ್ತಕ್ಕೇ ಮುಗಿದುಹೋಗುತ್ತಿದೆ. ಆಗ ಇಡೀ ಶಾಲೆಗೆ ಕೇಳುವಂತೆ ಕೂಗಿದಳು:

"ಸಾಹೇಬ್ರ, ಹದಿನೈದಕ್ಕ ಒಂದೂ ಕಮ್ಮಿ ಆಗಂಗಿಲ್ರಿ!"