ಡಿಯರ್ ಎಂದವರಿಗೆ ಪ್ರವೇಶವಿಲ್ಲ

ನಮ್ಮ ಚಿಕ್ಕಪ್ಪನಿಗೆ ಅನುಮಾನ ಎನ್ನುವುದು ಕಾಯಿಲೆಯಲ್ಲ, ಕಸುಬು! ಹಾಲಿನವಳು ಬಾಗಿಲಿಗೆ ಬಂದರೆ "ಯಾವ ಎಮ್ಮೇದು?" ಎಂದು ಕೇಳುತ್ತಿದ್ದರು. ಎಮ್ಮೆಯ ಹೆಸರು ಹೇಳಿದರೂ ನಂಬುತ್ತಿರಲಿಲ್ಲ. ಇಂಥವರನ್ನು ದಾವಣಗೆರೆಯ ಕರೂರಿನ ನಮ್ಮ ಪಂಪ್ ಮೋಟಾರ್ ಕಾರ್ಖಾನೆಯವರು ಹೊರಗಿನ ಇಮೇಲ್ ತಪಾಸಿಸುವ ಫೈರ್‌ವಾಲ್ ಸರ್ವರ್ ಕಾಯಲು ಕೂರಿಸಿದರೆ ಏನಾಗಬೇಡ?

ತೊಂಬತ್ತರ ದಶಕದ ಕೊನೆ. ಇಮೇಲ್ ಆಗಷ್ಟೇ ಊರಿಗೆ ಕಾಲಿಟ್ಟಿತ್ತು. ಬಂದ ಪತ್ರವೆಲ್ಲ ಚಿಕ್ಕಪ್ಪನ ಸರ್ವರ್ ದಾಟಿ, ಅಲ್ಲೇ ಟೈಪಿಸ್ಟ್ ಆಗಿದ್ದ ನನ್ನ ಮೇಜಿಗೆ ಬರಬೇಕು. ಜಾಹೀರಾತಿನ ಕಾಟ ತಡೆಯಲು ಅವರೊಂದು ಫಿಲ್ಟರ್ ಹಾಕಿ, ಕೆಟ್ಟ ಪದಗಳ ಪಟ್ಟಿ ಬರೆದರು. ಪಟ್ಟಿಯ ಪದ ಕಂಡರೆ ಪತ್ರ ವಾಪಸ್!

ವಾರ ಕಳೆಯಿತು. ಚಿಕ್ಕಪ್ಪ ಮಾಲೀಕರ ಮುಂದೆ ಎದೆಯುಬ್ಬಿಸಿ ನಿಂತರು. "ನೋಡ್ರಿ ಸಾವ್ಕಾರ್ರೇ, ಒಂದ್ ಕಳ್ಳ ಪತ್ರ ಒಳಗ ಬಂದಿಲ್ಲ!"

"ಒಳ್ಳೇದೂ ಬಂದಿಲ್ಲಲ್ರಿ ಮಾರಾಯ್ರೇ!"

ಶುರುವಾಯಿತು ತಪಾಸಣೆ. ಚಿಕ್ಕಪ್ಪ ಸ್ಟೂಲು ಹತ್ತಿ ಟೆಲಿಫೋನ್ ತಂತಿ ಮೂಸಿದರು. ಅಳಿಲಿನ ಮೇಲೆ ಅನುಮಾನಪಟ್ಟರು. ಕೊನೆಗೆ ಹೊರಗಿನ ವಿಳಾಸವೊಂದರಿಂದ ತಮಗೆ ತಾವೇ ಒಂದು ಪತ್ರ ಕಳಿಸಿಕೊಂಡರು. ಫಿಲ್ಟರ್ ಅದನ್ನೂ ಒದ್ದೋಡಿಸಿತು.

"ನೋಡ್ದೇನವ್ವಾ, ನನ್ನನ್ನೂ ಬಿಡ್ಲಿಲ್ಲ!" ಎಂದು ಹಿಗ್ಗಿದರು.

ನಾನು ಪಟ್ಟಿ ತೆಗೆಸಿ ನೋಡಿದರೆ ಮೊದಲ ಪದವೇ ‘ಡಿಯರ್’! ವ್ಯಾಪಾರದ ಪತ್ರ ‘ಡಿಯರ್ ಸರ್’ ಇಲ್ಲದೆ ಶುರುವಾಗುವುದುಂಟೇ?

"ಗುರ್ತಿಲ್ಲದೋರು ಡಿಯರ್ ಅಂದ್ರೆ ಅನುಮಾನ ಬರಲ್ವಾ?" ಎಂದು ಗೊಣಗುತ್ತಲೇ ಅದನ್ನು ಅಳಿಸಿದರು.

ಕೆಲವು ಪತ್ರಗಳು ಬರತೊಡಗಿದವು. ಆದರೆ ಮರುದಿನವೇ ಹರಿಹರದ ದೊಡ್ಡ ಗಿರಾಕಿಯ ಫೋನು. "ನಾಕ್ ಸಲ ಆರ್ಡರ್ ಕಳ್ಸೀನಿ, ನಾಕ್ ಸಲಾನೂ ನಿಮ್ ಕಂಪ್ಯೂಟರ್ ನನ್ನ ಕಳ್ಳ ಅಂತ ವಾಪಸ್ ಅಟ್ಟೈತೆ! ಸಂಜೀತನಕ ನೋಡ್ತೀನಿ, ಆಮೇಲೆ ಬ್ಯಾರೆ ಕಡೆ ಹೋಗ್ತೀನಿ!"

ಮಾಲೀಕರು ಕೆಂಪಾದರು. "ಸಂಜಿಯೊಳಗ ಸರಿಯಾಗ್ಲಿಲ್ಲ ಅಂದ್ರೆ ಫಿಲ್ಟರೂ ಬ್ಯಾಡ, ನೀವೂ ಬ್ಯಾಡ!"

ಚಿಕ್ಕಪ್ಪನ ಮುಖ ಮೊದಲ ಬಾರಿಗೆ ಬಾಡಿತು. ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚಲಿಲ್ಲ. ಇಬ್ಬರೂ ಕೂತು ಪಟ್ಟಿಯ ಪದ ಪದವನ್ನೂ ಜಾಲಾಡಿದೆವು. ಲಾಟರಿಯವರ ಕಾಟಕ್ಕೆಂದು ‘ವಿನ್’ ಎಂಬ ಪದ ಹಾಕಿದ್ದರು. ತಟ್ಟನೆ ನನಗೆ ಹೊಳೆಯಿತು. ಇಂಗ್ಲಿಷಿನಲ್ಲಿ ಬರೆದರೆ ಮೋಟಾರಿಗೆ ತಂತಿ ಸುತ್ತುವ ‘ವೈಂಡಿಂಗ್’ ಶುರುವಾಗುವುದೂ ಅದೇ ಮೂರು ಅಕ್ಷರಗಳಿಂದ! ಮೋಟಾರ್ ಕಾರ್ಖಾನೆಗೆ ಬರೆಯುವವರು ವೈಂಡಿಂಗ್ ಬಿಟ್ಟು ಇನ್ನೇನು ರಂಗೋಲಿ ಬಗ್ಗೆ ಬರೆಯುತ್ತಾರೆಯೇ? ಪದ ತೆಗೆದೆವು. ನಾಲ್ಕೂವರೆಗೆ ಆರ್ಡರ್ ಬಂತು.

ಮಾಲೀಕರಿಗೆ ಸಮಾಧಾನವಿಲ್ಲ. ಇಡೀ ಪಟ್ಟಿಯನ್ನು ತಾವೇ ಓದಲು ಕೂತರು. ಕೊನೆಯ ಸಾಲಿನಲ್ಲಿ ಒಂದು ವಿಳಾಸ, ಪಕ್ಕದಲ್ಲೇ ಅಪ್ಪಣೆ: ಇವರು ಏನೇ ಬರೆದಿರಲಿ, ಒಳಗೆ ಬಿಡು.

"ಯಾರ್ರೀ ಇವ್ರು?"

ಚಿಕ್ಕಪ್ಪ ನೆಲ ನೋಡಿದರು. "ನಮ್ ಹಳೇ ಸ್ಟೋರ್ ಕೀಪರ್ ರೀ. ರಿಟೈರಾಗಿ ಹರಿಹರದಾಗ ಅದಾರೆ. ಹೆಂಡ್ತಿ ಹೋದ್ಮ್ಯಾಲೆ ದಿನಾ ಇಂಟರ್ನೆಟ್ ಅಂಗಡಿಗೆ ಹೋಗಿ ನಂಗೊಂದು ಪತ್ರ ಹಾಕ್ತಾರೆ, ಈಕಿ ಮೇಜಿಗೆ ಕಳ್ಸದೆ ನಾನೇ ಓದ್ತೀನಿ. ಬರೀ ಜೋಕು, ರಾಶಿಫಲ, ಬಹುಮಾನದ ಸುಳ್ಳು. ಆದ್ರೆ ಅವರಿಗೆ ಗೊತ್ತಿರೋದು ನಮ್ದೊಂದೇ ವಿಳಾಸ. ಇಲ್ಲಿಂದಾನೂ ಅವರ ಪತ್ರ ವಾಪಸ್ ಹೋದ್ರೆ ಹೆಂಗ್ರಿ?"

ಮಾಲೀಕರು ಪಟ್ಟಿಯನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ನನ್ನತ್ತ ತಿರುಗಿ, "ನಾಡಿದ್ದು ಹರಿಹರಕ್ಕೆ ಹೋಗೋದೈತೆ. ಊಟಕ್ಕೆ ಅವರ ಮನೀಗೇ ಬರ್ತೀವಿ ಅಂತ ಬರಿಯವ್ವ" ಎಂದರು.

ನಾನು ಬರೆಯುವಷ್ಟರಲ್ಲಿ ಚಿಕ್ಕಪ್ಪ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು, ಒಂದೇ ಬೆರಳಲ್ಲಿ ‘ಡಿಯರ್’ ಎಂದು ಒತ್ತತೊಡಗಿದ್ದರು.